ಎಡಗಡೆಯ ಸೀಟು

ಜೂನ್ 3, ಬುಧವಾರ

ಬಂತು! ಕೊನೆಗೂ ಬಂತು!

ನಮ್ಮ ಮನೆ ಮುಂದೆ ವಿದೇಶಿ ಕಾರು ನಿಂತಿದೆ. ನಮ್ಮದು. ಬರೆದರೂ ನಂಬಿಕೆ ಬರುತ್ತಿಲ್ಲ, ಅದಕ್ಕೇ ಇನ್ನೊಂದು ಸಲ ಬರೆಯುತ್ತೇನೆ: ನಮ್ಮದು. ಆರು ಸಿಲಿಂಡರ್. ಆಕ್ಸಲರೇಟರ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುವ ಹಾಗೆ ಎಳೆಯುತ್ತದೆ. ಹಳೆಯದೇ, ಮೂರು ಜನರ ಕೈ ದಾಟಿ ಬಂದಿದೆ, ಹಿಂದಿನ ಬಂಪರಿನಲ್ಲಿ ಉದ್ದ ಗೀರೂ ಇದೆ. ಆದರೇನಂತೆ! ಕೆಳಗಿನ ಗ್ರಿಲ್ ವರ್ಕ್‌ಶಾಪಿನವರು ವೆಲ್ಡಿಂಗ್ ನಿಲ್ಲಿಸಿ ಹೊರಗೆ ಬಂದು ನೋಡಿದರು. ಕರೆಂಟ್ ಹೋಗದೆ ಅವರು ಕೆಲಸ ನಿಲ್ಲಿಸಿದ್ದನ್ನು ನಾನು ಈ ಮನೆಗೆ ಬಂದಮೇಲೆ ನೋಡಿಯೇ ಇರಲಿಲ್ಲ.

ನಮ್ಮ ಕಾರು ಹುಚ್ಚರ ಆನ್‌ಲೈನ್ ಗುಂಪಿಗೆ ಫೋಟೊ ಹಾಕಿದೆ. ಬೆಂಕಿ ಎಮೋಜಿಗಳ ಸುರಿಮಳೆ. ಅಡ್ಮಿನ್ ಅಕ್ಕ "ನಮ್ಮ ಪಿಸ್ಟನ್ ಪುಟ್ಟಿ ಇನ್ಮೇಲೆ ಬರೀ ಫ್ಯಾನ್ ಅಲ್ಲ, ಓನರ್ ಮಗಳು!" ಅಂತ ಬರೆದು ಪಿನ್ ಮಾಡಿದರು. ಗುಂಪಿನಲ್ಲಿ ನನ್ನ ಹೆಸರು ಪಿಸ್ಟನ್ ಪುಟ್ಟಿ. ಆಟೋಮೊಬೈಲ್ ಡಿಪ್ಲೊಮಾ ಓದುತ್ತಿರುವ ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರು ಕೊಡುತ್ತಾರೆ?

ಒಂದೇ ಬೇಜಾರು. ಕೊಳ್ಳುವ ಮುಂಚೆ ಅಪ್ಪ ಕಾರು ನೋಡಿದ ರೀತಿ. ಬಾನೆಟ್ ಎತ್ತಿಸಲಿಲ್ಲ. ಓಡಿಸಿ ನೋಡಿದ್ದು ಮಾರುವವನ ಗಲ್ಲಿಯ ಕೊನೆಯವರೆಗೆ ಮಾತ್ರ. ಆಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಜೆಲ್ಲ ಏರಿಸಿ, ಮಾರುವವನಿಗೆ ಹೊರಗೆ ನಿಂತು ಬೇರೆ ಗಾಡಿಯ ಹಾರ್ನ್ ಒತ್ತಲು ಹೇಳಿದರು! ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಒಳಗೆ ಅಪ್ಪ ಅಮ್ಮನಿಗೆ ಏನೋ ಹೇಳಿದರು, ಅಮ್ಮನ ತುಟಿ ಅಲ್ಲಾಡಿತು. ಅಪ್ಪ ಇಳಿದು ಬಂದು "ತಗೊಳ್ತೀನಿ" ಅಂದರು. ಎಂಜಿನ್ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಈ ವಿಷಯ ಗುಂಪಿನಲ್ಲಿ ಹೇಳಲಿಲ್ಲ. ಮರ್ಯಾದೆ ಪ್ರಶ್ನೆ.

ಜೂನ್ 6, ಶನಿವಾರ

ಅಡ್ಮಿನ್ ಅಕ್ಕ ಹೊಸ ಥ್ರೆಡ್ ತೆಗೆದಿದ್ದಾರೆ: "ಇಷ್ಟೆಲ್ಲ ಗಾಡಿ ಇರುವಾಗ ಇದನ್ನೇ ಯಾಕೆ ತಗೊಂಡ್ರಿ? ನಿಜ ಹೇಳಿ, ಯಾರೂ ನಗಲ್ಲ." ಎಲ್ಲರೂ ನಕ್ಕರು, ಅದು ಬೇರೆ ಮಾತು.

ಹಲ್ಲಿನ ಡಾಕ್ಟರ್ ಒಬ್ಬರು, ಬಾಗಿಲು ಮುಚ್ಚುವಾಗ ಬರುವ ಆ 'ದಬ್' ಸದ್ದಿಗಾಗಿಯೇ ತಗೊಂಡೆ ಅಂದರು. ಕಾರು ಎಲ್ಲೂ ಹೋಗದಿದ್ದರೂ ದಿನಕ್ಕೊಂದು ಸಲ ಇಳಿದು ಹೋಗಿ ಬಾಗಿಲು ಹಾಕಿ ಬರುತ್ತಾರಂತೆ. ಇಟ್ಟಿಗೆ ಭಟ್ಟಿಯವರು ಮಾವನ ಮನೆ ಮುಂದೆ ನಿಲ್ಲಿಸುವುದಕ್ಕೆ ಅಂತ ನೇರವಾಗಿ ಒಪ್ಪಿಕೊಂಡರು. ಮದುವೆಗೆ ಮುಂಚೆ ಅದೇ ಮಾವ ಅವರನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದರಂತೆ. ಮದುವೆ ಫೋಟೊ ತೆಗೆಯುವ ಒಬ್ಬ ಅಕ್ಕ ಬರೆದಿದ್ದು ನನಗೆ ಇಷ್ಟವಾಯಿತು: "ಸಣ್ಣ ಕಾರಲ್ಲಿ ಒಬ್ಳೇ ಹೋಗ್ತಿದ್ರೆ ಗಂಡಸರು ಪಕ್ಕಕ್ಕೆ ಒತ್ತರಿಸ್ತಾರೆ. ಇದ್ರಲ್ಲಿ ಹೋದ್ರೆ ದಾರಿ ಬಿಡ್ತಾರೆ. ನಾನು ಅದೇ, ರಸ್ತೆ ಅದೇ." ಟರ್ಬೊ ಮಾಮ, ಅಂದರೆ ನಮ್ಮದೇ ಮಾಡೆಲ್ ಇಟ್ಟುಕೊಂಡಿರುವ ಪಕ್ಕದ ಊರಿನ ಹಾರ್ಡ್‌ವೇರ್ ಅಂಗಡಿಯವರು, ಒಂದೇ ಪದ ಬರೆದರು: "ಸೌಂಡ್."

ನಾನೂ ಅಪ್ಪನ ಉತ್ತರ ಹಾಕಬೇಕು ಅಂತ ಹೋಗಿ ಕೇಳಿದೆ.

"ಅಪ್ಪಾ, ಈ ಕಾರು ಯಾಕೆ ತಗೊಂಡ್ರಿ?"

"ಆಂ?"

ಎಡಗಡೆಗೆ ಬಂದು ಕೇಳಿದೆ. ಅಪ್ಪನ ಬಲಗಿವಿ ಕೆಲಸ ಮಾಡುವುದಿಲ್ಲ. ಜೀವಮಾನವಿಡೀ ಆಂಬುಲೆನ್ಸ್ ಓಡಿಸಿದವರು. ಕಿಟಕಿ ಕಡೆಯ ಕಿವಿ ಸೈರನ್ನಿಗೆ ಹೋಯಿತು, ಎಡಗಿವಿ ಅರ್ಧ ಉಳಿದಿದೆ. ಅದಕ್ಕೇ ಅವಧಿಗೆ ಮುಂಚೆ ಮನೆಗೆ ಕಳಿಸಿದರು. ಆಗ ಬಂದ ಗಂಟೇ ಈ ಕಾರು.

"ಯಾಕೆ ಅಂದ್ರೆ, ಬೇಕಿತ್ತು, ತಗೊಂಡೆ" ಅಂದರು.

ಇದನ್ನು ಹಾಕಿದರೆ ಒಂದು ಲೈಕೂ ಬರಲ್ಲ.

ಜೂನ್ 9, ಮಂಗಳವಾರ

ಅಮ್ಮನ ಗಂಟಲಿನ ರಿಪೋರ್ಟ್ ಬಂತು. ಗಡ್ಡೆ ತೆಗೆಯಲೇಬೇಕು. ಜುಲೈ ಎರಡಕ್ಕೆ ಆಪರೇಷನ್. "ಜೀವಕ್ಕೇನೂ ಭಯ ಇಲ್ಲ, ಧ್ವನಿ ಮಾತ್ರ ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು" ಅಂದರು ಡಾಕ್ಟರ್. ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಗಟ್ಟಿಯಾಗಿ ಮಾತಾಡಲು ಈಗ ಉಳಿದಿರುವುದಾದರೂ ಏನು, ಬರೀ ಉಸಿರು.

ನಮ್ಮ ಕಾರಿನ ಇಂಧನ ಟ್ಯಾಂಕ್ ಎಪ್ಪತ್ತು ಲೀಟರ್. ಗೇರು ಎಂಟು.

ಜೂನ್ 14, ಭಾನುವಾರ

ಸೋದರಮಾವ ಬಂದಿದ್ದರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಟೈರಿಗೆ ಕಾಲಲ್ಲಿ ಒದ್ದರು.

"ಭಾವ, ಇದರ ಒಂದು ಟೈರಿನ ದುಡ್ಡಲ್ಲಿ ನಾನು ಸ್ಕೂಟರ್ ತಗೊಂಡು ಪೆಟ್ರೋಲೂ ಹಾಕಿಸ್ತೀನಿ."

"ಆಂ?" ಅಂದರು ಅಪ್ಪ.

"ಇದೊಂದು ಲಾಭ ನೋಡು ನಿಮ್ಮಪ್ಪಂಗೆ. ಬೈದ್ರೂ ತಾಗಲ್ಲ."

ಅಮ್ಮ ಒಳಗಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದಳು. ಟಕ್ ಟಕ್. ಮಾವ ತಕ್ಷಣ ಸುಮ್ಮನಾದರು. ಅದು ಅಮ್ಮನ ಹಳೇ ಅಭ್ಯಾಸ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವುದು ಅವಳ ಕೆಲಸ. ಮಾತು ಶುರು ಮಾಡುವ ಮುಂಚೆ ಮೈಕಿಗೆ ಎರಡು ಸಲ ತಟ್ಟಬೇಕು. ಮನೆಯಲ್ಲೂ ಹಾಗೇ. ಮೊದಲೆಲ್ಲ ತಟ್ಟೆಗೆ ಚಮಚದಿಂದ ತಟ್ಟಿ, "ಪ್ರಯಾಣಿಕರ ಗಮನಕ್ಕೆ, ಊಟ ಪ್ಲಾಟ್‌ಫಾರಂ ಒಂದರಿಂದ ಹೊರಡಲು ಸಿದ್ಧವಾಗಿದೆ. ತಡವಾಗಿ ಬಂದವರು ಪಾತ್ರೆ ತೊಳೆಯತಕ್ಕದ್ದು" ಅನ್ನುತ್ತಿದ್ದಳು. ಊರಿನ ಅರ್ಧ ಜನ ಅವಳ ಮುಖ ನೋಡಿಲ್ಲ, ಧ್ವನಿ ಕೇಳಿದರೆ ಗುರುತು ಹಿಡಿಯುತ್ತಾರೆ.

ಈಗ ತಟ್ಟಿದ ಮೇಲೆ ಏನೂ ಬರುವುದಿಲ್ಲ. ಹತ್ತಿರ ಹೋಗಿ ಕಿವಿ ಕೊಟ್ಟರೆ ನನಗೆ ಕೇಳಿಸುತ್ತದೆ. ಅಪ್ಪನಿಗೆ ಇಲ್ಲ. ಸ್ಲೇಟು ತಂದುಕೊಟ್ಟೆ. ನಾಲ್ಕು ದಿನ "ಹಾಲು", "ಬಾಗಿಲು", "ಮಾತ್ರೆ ತಗೊಂಡ್ರಾ" ಅಂತ ಬರೆದಳು. ಆಮೇಲೆ ನನ್ನ ಕಿವಿಯಲ್ಲಿ, "ಸ್ಲೇಟಲ್ಲಿ ಬೈದ್ರೆ ಬೈದ ಹಾಗೇ ಆಗಲ್ಲ ಕಣೇ" ಅಂದು ಮೂಲೆಗಿಟ್ಟಳು.

ದಿನಾ ಸಂಜೆ ಅಪ್ಪ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಎಲ್ಲಿಗೆ ಅಂದರೆ, "ಹಿಂಗೇ, ಒಂದು ಸುತ್ತು." ನನ್ನನ್ನು ಕರೆಯುವುದಿಲ್ಲ. ಇವತ್ತು ನಾನೂ ಬರ್ತೀನಿ ಅಂದರೆ, "ನಿಂಗೆ ಓದೋದಿಲ್ವಾ?" ಅಂದರು. ಭಾನುವಾರ! ರಜೆಯಲ್ಲಿ! ಕಾರಿನ ಬಗ್ಗೆ ಆ ಇಬ್ಬರಿಗಿಂತ ನೂರು ಪಾಲು ಗೊತ್ತಿರುವವಳು ಬಾಲ್ಕನಿಯಲ್ಲಿ ನಿಂತು ಟಾಟಾ ಮಾಡಬೇಕು.

ಅದೂ ಎಷ್ಟು ನಿಧಾನ! ಆರು ಸಿಲಿಂಡರನ್ನು ಎತ್ತಿನ ಗಾಡಿ ಮಾಡಿಟ್ಟಿದ್ದಾರೆ. ರಸ್ತೆ ತಿರುವಿನವರೆಗೂ ನೋಡಿದೆ. ಒಂದು ಸದ್ದಿಲ್ಲ. ಗಾಡಿ ಹೋಯಿತೋ ನೆರಳು ಹೋಯಿತೋ ಅನ್ನುವ ಹಾಗೆ.

ಜೂನ್ 18, ಗುರುವಾರ

ಐಡಿಯಾ!!!

"ಕಾರು ಸದ್ದೇ ಮಾಡಲ್ಲ, ನೋವು ಹಂಚಿಕೊಳ್ಳಿ" ಅಂತ ಗುಂಪಿನಲ್ಲಿ ಬರೆದಿದ್ದೆ. ಟರ್ಬೊ ಮಾಮ ನೇರ ನನಗೇ ಮೆಸೇಜ್ ಮಾಡಿದರು. ಅವರ ಕಾರಿನಲ್ಲಿ ಸ್ಪೋರ್ಟ್ಸ್ ಸೈಲೆನ್ಸರ್ ಇದೆ, ವಿದೇಶದಿಂದ ತರಿಸಿದ್ದು. ಗುರ್ ಅಂದರೆ ರಸ್ತೆಯ ನಾಯಿಗಳು ಎದ್ದು ನಿಲ್ಲುತ್ತವೆ. ಈಗ ಮನೆಯಲ್ಲಿ ಹಸುಗೂಸು. ಕಾರು ಶುರು ಮಾಡಿದರೆ ಸಾಕು ಅದೂ ಶುರು ಮಾಡುತ್ತದಂತೆ. ಹೆಂಡತಿ ಕೊನೆಯ ಎಚ್ಚರಿಕೆ ಕೊಟ್ಟಿದ್ದಾರೆ. "ನಿನ್ನ ಕಂಪನಿ ಸೈಲೆನ್ಸರ್ ನಂಗೆ, ನಂದು ನಿಂಗೆ. ಕೈಗೆ ಕೈ. ದುಡ್ಡಿನ ಮಾತಿಲ್ಲ." ನಮ್ಮ ಗುಂಪಿನಲ್ಲಿ ಇದು ರೂಢಿ. ಸ್ಟೇರಿಂಗಿಗೆ ಸೀಟು, ಸೀಟಿಗೆ ಅಲಾಯ್ ಚಕ್ರ, ಹೀಗೆ ಬದಲಾಯಿಸಿಕೊಳ್ಳುತ್ತಲೇ ಇರುತ್ತಾರೆ.

ಅಪ್ಪನಿಗೆ ನಿವೃತ್ತಿಯ ಉಡುಗೊರೆ. ಹೇಗೂ ಕಿವಿ ಮಂದ. ಪಾಪ, ತಮ್ಮ ಕಾರಿನ ಎಂಜಿನ್ ಸದ್ದನ್ನು ಅವರು ಒಂದು ಸಲವೂ ಕೇಳಿಲ್ಲ! ಇದಾದರೆ ಕೇಳಿಸುತ್ತದೆ.

ಜೂನ್ 21, ಭಾನುವಾರ

ಆಯಿತು! ವಾಟರ್ ವಾಶ್ ಮಾಡಿಸಿಕೊಂಡು ಬರ್ತೀನಿ ಅಂತ ಕೀ ತೆಗೆದುಕೊಂಡು ಹೋಗಿ, ನಾನೂ ಟರ್ಬೊ ಮಾಮನೂ ಒಂದೇ ಗ್ಯಾರೇಜಿನಲ್ಲಿ ಅಕ್ಕಪಕ್ಕ ಗಾಡಿ ಎತ್ತಿಸಿ ಬದಲಾಯಿಸಿಕೊಂಡೆವು. ಮೊದಲ ಸಲ ಆಕ್ಸಲರೇಟರ್ ಒತ್ತಿದಾಗ ಎದೆಯೊಳಗೆ ಯಾರೋ ಡೊಳ್ಳು ಬಾರಿಸಿದ ಹಾಗಾಯಿತು. ನನ್ನ ಕಣ್ಣಲ್ಲಿ ನೀರು. ವಿಡಿಯೊ ಹಾಕಿದ್ದೇ ತಡ, ಫೋನು ಬಿಸಿಯಾಗುವಷ್ಟು ನೋಟಿಫಿಕೇಶನ್.

ಮನೆ ಮುಂದೆ ತಂದು ಎರಡು ಸಲ ರೇಸ್ ಮಾಡಿದೆ. ಗ್ರಿಲ್ ವರ್ಕ್‌ಶಾಪಿನವರು ಚಪ್ಪಾಳೆ ತಟ್ಟಿದರು. ಅಪ್ಪ ಮೆಟ್ಟಿಲಿನಲ್ಲೇ ನಿಂತುಬಿಟ್ಟರು.

"ಏನಾಯ್ತು ಇದಕ್ಕೆ?"

"ನಿಮಗೆ ಗಿಫ್ಟ್ ಅಪ್ಪಾ! ಕೇಳುಸ್ತಾ?"

ಅಪ್ಪ ಬಂದು ಕಾರಿನ ಹಿಂದೆ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಎದ್ದೇಳಲಿಲ್ಲ. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ಕೇಳುಸ್ತು ಪುಟ್ಟಿ. ಚೆನ್ನಾಗಿದೆ" ಅಂದರು.

ಖುಷಿ ಜಾಸ್ತಿಯಾಗಿ ಮಾತು ಕಮ್ಮಿಯಾಯಿತು ಅನಿಸುತ್ತದೆ.

ಜೂನ್ 24, ಬುಧವಾರ

ಮೊನ್ನೆ ಸಂಜೆ ಸುತ್ತಲು ಹೋದವರು ಅರ್ಧ ದಾರಿಯಿಂದ ಬಂದುಬಿಟ್ಟರು. ನಿನ್ನೆ ಹೋಗಲೇ ಇಲ್ಲ. ಇವತ್ತು ಅಮ್ಮ ಐದು ಗಂಟೆಗೆ ಸೀರೆ ಬದಲಾಯಿಸಲಿಲ್ಲ. ಅಪ್ಪ ಕೀ ಹಿಡಿದುಕೊಂಡು ಬಾಗಿಲವರೆಗೆ ಬಂದು ಮತ್ತೆ ಮೊಳೆಗೆ ನೇತುಹಾಕಿದರು.

ಇಷ್ಟು ಕಷ್ಟಪಟ್ಟು ಹಾಕಿಸಿದ್ದೇನೆ. ಗಾಡಿ ಸುಮ್ಮನೆ ನಿಂತಿದೆ. ಯಾರಿಗೆ ಮಾಡಬೇಕು ಹೀಗೆಲ್ಲ.

ಜೂನ್ 26, ಶುಕ್ರವಾರ

ಆಪರೇಷನ್ನಿಗೆ ಮುಂಚಿನ ಪರೀಕ್ಷೆಗಳಿಗೆ ಆಸ್ಪತ್ರೆಗೆ ಹೋಗಬೇಕಿತ್ತು. ಫೈಲು ಹಿಡಿದುಕೊಂಡು ನಾನೂ ಹೊರಟೆ, ಹಿಂದಿನ ಸೀಟು. ಮೊದಲ ಸಲ.

ರಸ್ತೆಗೆ ಬಂದಮೇಲೆ ಅಮ್ಮ ಡ್ಯಾಶ್‌ಬೋರ್ಡಿನ ಮೇಲೆ ಎರಡು ಸಲ ತಟ್ಟಿದಳು. ತಟ್ಟಿದ್ದು ನನಗೆ ಕಾಣಿಸಿತು, ಕೇಳಿಸಲಿಲ್ಲ. ಆಸನದ ಕೆಳಗಿನಿಂದ ಗುಂಯ್ ಅನ್ನುವ ಸದ್ದು ಎದ್ದು ಇಡೀ ಕಾರು ತುಂಬಿಕೊಂಡಿತ್ತು. ಹೊರಗೆ ನಿಂತು ಕೇಳಿದಾಗ ಅದು ಹೀಗಿರಲಿಲ್ಲ. ಅಮ್ಮನ ತುಟಿ ಅಲ್ಲಾಡಿತು. ಅಪ್ಪ ಎಡಗಡೆಗೆ ವಾಲಿದರು.

"ಏನಂದೆ?"

ಮತ್ತೆ ತುಟಿ ಅಲ್ಲಾಡಿತು.

"ಇನ್ನೊಂದು ಸಲ ಹೇಳು."

ಅಮ್ಮ ಕತ್ತಿನ ನರ ಉಬ್ಬುವ ಹಾಗೆ ಹೇಳಿದಳು.

"ಸ್ವಲ್ಪ ಜೋರಾಗಿ ಹೇಳೇ" ಅಂದ ಅಪ್ಪ ತಕ್ಷಣ ತುಟಿ ಕಚ್ಚಿಕೊಂಡರು. ಅಮ್ಮ ಕೈಸನ್ನೆಯಲ್ಲೇ "ಬಿಡಿ" ಅಂದು ಕಿಟಕಿ ಕಡೆ ತಿರುಗಿದಳು. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನ ಹುಡುಗ ನಮ್ಮ ಸೈಲೆನ್ಸರಿಗೆ ಹೆಬ್ಬೆರಳು ಎತ್ತಿ ತೋರಿಸಿದ. ಅವನ ಬೆರಳು ಮುರಿಯಬೇಕು ಅನ್ನುವಷ್ಟು ಸಿಟ್ಟು ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಅಮ್ಮನನ್ನು ಸ್ಕ್ಯಾನಿಂಗಿಗೆ ಒಳಗೆ ಕರೆದರು. ಹೊರಗಿನ ಬೆಂಚಿನಲ್ಲಿ ಅಪ್ಪನ ಎಡಕ್ಕೆ ಕೂತೆ.

"ಅಪ್ಪಾ, ಈ ಕಾರು ಯಾಕೆ ತಗೊಂಡ್ರಿ?"

"ನಿನ್ನ ಗುಂಪಿಗೆ ಹೇಳಬೇಕಾ?"

"ಅಲ್ಲ. ನಂಗೆ."

ಅಪ್ಪ ಫೈಲಿನ ದಾರ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

"ಹೋದ ವರ್ಷ ನಮ್ಮ ದೊಡ್ಡ ಡಾಕ್ಟ್ರು, ಪಾರ್ಕ್ ಮಾಡಪ್ಪಾ ಅಂತ ಅವರ ಫಾರಿನ್ ಕಾರ್ ಕೀ ಕೊಟ್ರು. ಒಳಗೆ ಕೂತು ಬಾಗಿಲು ಹಾಕ್ಕೊಂಡೆ. ಅದೇ ಹೊತ್ತಿಗೆ ನಮ್ಮದೇ ಆಂಬುಲೆನ್ಸು ಸೈರನ್ ಹಾಕ್ಕೊಂಡು ಪಕ್ಕದಲ್ಲೇ ಹೋಯ್ತು. ಒಳಗೆ ಹೆಂಗೆ ಕೇಳುಸ್ತು ಗೊತ್ತಾ? ಯಾರೋ ದೂರದಲ್ಲಿ ಶಿಳ್ಳೆ ಹಾಕಿದ ಹಾಗೆ. ಆಮೇಲೆ ಅದೂ ಇಲ್ಲ. ನನ್ನ ವಾಚು ಟಿಕ್ ಟಿಕ್ ಅನ್ನೋದು ಕೇಳುಸ್ತು ಪುಟ್ಟಿ. ಅದು ಸದ್ದು ಮಾಡುತ್ತೆ ಅಂತಾನೇ ಮರೆತುಹೋಗಿತ್ತು."

"ಮತ್ತೆ ಕಿವಿ ಮಿಷನ್ ಇದೆಯಲ್ಲಾ?"

"ಅದನ್ನ ಹಾಕ್ಕೊಂಡ್ರೆ ಕೆಳಗಿನ ವರ್ಕ್‌ಶಾಪಿನ ಗ್ರೈಂಡರು ಜೋರಾಗುತ್ತೆ, ಫ್ಯಾನು ಜೋರಾಗುತ್ತೆ, ನಿಮ್ಮಮ್ಮ ಹಂಗೇ ಇರ್ತಾಳೆ. ಕಾರಲ್ಲಿ ಅವಳು ನನ್ನ ಎಡಕ್ಕೆ ಕೂರ್ತಾಳೆ. ಪಿಸುಗುಟ್ಟಿದ್ರೂ ಕೇಳುಸುತ್ತೆ. ಕೇಳುಸ್ತಿತ್ತು."

"ಏನು ಮಾತಾಡ್ತೀರಾ ಅಷ್ಟು?"

ಅಪ್ಪನಿಗೆ ನಾಚಿಕೆಯಾಯಿತು. ನಿಜವಾಗಿಯೂ. "ಮದುವೆ ಆದಾಗಿಂದ ಅವಳದ್ದು ಹಗಲು ಡ್ಯೂಟಿ, ನಂದು ರಾತ್ರಿ. ಅವಳು ಊರಿಗೆಲ್ಲಾ ಬಸ್ಸು ಕೂಗಿದ್ಲು, ನಾನು ಊರಿಗೆಲ್ಲಾ ಸೈರನ್ ಹಾಕಿದೆ. ನಮ್ಮದು ಮಾತು ಬಾಕಿ ಇದೆ ಕಣಮ್ಮಾ. ಎರಡನೇ ತಾರೀಕು ಆದ್ಮೇಲೆ ಹೆಂಗೋ ಏನೋ."

"ನಾನು ಅದನ್ನ ಹಾಕಿಸಿಕೊಂಡು ಬಂದಾಗ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟೊಂದು ಖುಷಿಯಾಗಿದ್ದೆ" ಅಂದರು.

ಆಮೇಲೆ ಅಮ್ಮ ಹೊರಗೆ ಬಂದಳು. ನಾನು ನೀರು ತರುತ್ತೇನೆ ಅಂತ ಹೇಳಿ ಹೋದೆ. ಸ್ವಲ್ಪ ಹೊತ್ತು ಅಲ್ಲೇ ನೀರಿನ ಮಿಷನ್ ಹತ್ತಿರ ನಿಂತಿದ್ದೆ.

ಜೂನ್ 27, ಶನಿವಾರ

ಬೆಳಗ್ಗೆಯೇ ಟರ್ಬೊ ಮಾಮನಿಗೆ ಫೋನ್ ಮಾಡಿದೆ. ನಮ್ಮ ಸೈಲೆನ್ಸರ್ ವಾಪಸ್ ಬೇಕು ಅಂದೆ.

"ಏನಮ್ಮಾ, ಕೊಟ್ಟು ತಗೊಂಡು ವಾರಾನೂ ಆಗಿಲ್ಲ. ಗುಂಪಿನ ರೂಲು ಗೊತ್ತಲ್ಲ, ಬದಲಾಯಿಸಿದ ಮೇಲೆ ಆಯ್ತು. ಅದೂ ಅಲ್ದೆ ನಮ್ಮ ಮಗು ಈಗ ಕಾರಲ್ಲೇ ನಿದ್ದೆ ಮಾಡ್ತಿದೆ. ನನ್ನ ಹೆಂಡ್ತಿ ಮದುವೆ ಆದ್ಮೇಲೆ ಮೊದಲ್ನೇ ಸಲ ನನ್ನ ನೋಡಿ ನಕ್ಕಿದ್ದಾಳೆ."

ಫೋನ್ ಇಟ್ಟುಬಿಟ್ಟರು. ಅವರದು ತಪ್ಪಿಲ್ಲ. ಹಳೇ ಸಾಮಾನಿನ ಅಂಗಡಿಗಳಲ್ಲೆಲ್ಲ ವಿಚಾರಿಸಿದೆ. ಈ ಮಾಡೆಲಿಗೆ ಇಲ್ಲ. ಕಂಪನಿಯವರು ಹೊಸದು ಬರಲು ಆರು ವಾರ ಅಂದರು. ಗ್ಯಾರೇಜಿನವರು, "ಸದ್ದು ಜಾಸ್ತಿ ಮಾಡೋಕೆ ನೂರು ದಾರಿ ಇದೆ ತಂಗಿ, ಕಮ್ಮಿ ಮಾಡೋಕೆ ಅದೊಂದೇ" ಅಂದರು.

ಮಧ್ಯಾಹ್ನ ಆ ಥ್ರೆಡ್ಡಿನಲ್ಲಿ, 'ಯಾಕೆ ತಗೊಂಡ್ರಿ' ಅನ್ನುವ ಥ್ರೆಡ್ಡಿನಲ್ಲಿ, ಬರೆದೆ. ಅಪ್ಪನ ಕಿವಿ, ಅಮ್ಮನ ಗಂಟಲು, ನಾನು ಮಾಡಿದ ಘನಕಾರ್ಯ, ಎರಡನೇ ತಾರೀಕು. ಎಮೋಜಿ ಹಾಕುವುದು ಮರೆತುಹೋಗಿತ್ತು ಅಂತ ಕಳಿಸಿದ ಮೇಲೆ ನೋಡಿದೆ.

ಸಂಜೆ ಫೋನ್ ಬಂತು. ಹಿಂದೆ ಮಗು ಅಳುವ ಸದ್ದು.

"ಪಿಸ್ಟನ್ ಪುಟ್ಟಿ, ಸೋಮವಾರ ಗ್ಯಾರೇಜಿಗೆ ಬಾ."

"ಮಾಮ, ಮತ್ತೆ ಮಗು?"

"ಅಳಲಿ ಬಿಡಮ್ಮಾ. ಕೇಳುಸ್ತಿದೆಯಲ್ಲಾ, ಗಂಟಲು ಗಟ್ಟಿಯಾಗಿದೆ ಅದರದ್ದು. ಇನ್ನೂ ಬೇಕಾದಷ್ಟು ವರ್ಷ ಇದೆ." ಆಮೇಲೆ ಮೆತ್ತಗೆ, "ನನ್ನ ಹೆಂಡ್ತಿನೇ ಕೊಡು ಅಂದ್ಲು" ಅಂದರು.

ಜೂನ್ 29, ಸೋಮವಾರ

ಹಾಕಿಸಿಕೊಂಡು ಬಂದೆ. ದಾರಿಯಲ್ಲಿ ಹಾಡು ಹಾಕಲಿಲ್ಲ. ಗಾಜು ಏರಿಸಿ ಸುಮ್ಮನೆ ಓಡಿಸಿದೆ. ಈ ಕಾರಿನ ಗಾಜು ಎರಡು ಪದರದ್ದು ಅಂತ ಕಂಪನಿಯ ಪುಸ್ತಕದಲ್ಲಿ ಓದಿದ್ದೆ, ಬೋರಿಂಗ್ ಅಂತ ಬಿಟ್ಟಿದ್ದೆ. ಎದುರಿನಿಂದ ಲಾರಿ ಬಂದು ಹೋಯಿತು, ಚಕ್ರಕ್ಕೆ ಹತ್ತಿ ಕಟ್ಟಿದ ಹಾಗೆ. ಇಂಡಿಕೇಟರ್ ಟಿಕ್ ಟಿಕ್ ಅನ್ನುವುದು, ನನ್ನ ಬಳೆ ಸ್ಟೇರಿಂಗಿಗೆ ತಾಗುವುದು, ಎಲ್ಲ ಕೇಳಿಸಿತು.

ಮನೆ ಮುಂದೆ ನಿಲ್ಲಿಸಿದೆ. ಯಾರೂ ಹೊರಗೆ ಬರಲಿಲ್ಲ. ಬಂದದ್ದು ಯಾರಿಗೂ ಗೊತ್ತೇ ಆಗಿರಲಿಲ್ಲ. ಮೇಲೆ ಹೋಗಿ ಕೀಯನ್ನು ಅಪ್ಪನ ಅಂಗೈಗೆ ಇಟ್ಟೆ. ಅವರು ಕಿಟಕಿಯಿಂದ ಕೆಳಗೆ ನೋಡಿ, ನನ್ನನ್ನು ನೋಡಿ, "ಏಯ್, ಐದು ಗಂಟೆ ಆಯ್ತು, ಸೀರೆ ಉಡು" ಅಂತ ಅಡುಗೆಮನೆ ಕಡೆ ಕೂಗಿದರು. ಆಗಿನ್ನೂ ಮೂರೂವರೆ.

ಜೂನ್ 30, ಮಂಗಳವಾರ

ನಿನ್ನೆ ಹೋದರು. ಇವತ್ತು ಊಟ ಕಟ್ಟಿಕೊಂಡು ಬೆಳಗ್ಗೆಯೇ ಹೊರಟರು. "ನೀನೂ ಬಾರೇ" ಅಂತ ಅಮ್ಮ ಕಿವಿಯಲ್ಲಿ ಕರೆದಳು. ನಂಗೆ ಓದೋದಿದೆ ಅಂದೆ. ನಕ್ಕಳು.

ಬಾಲ್ಕನಿಯಿಂದ ಟಾಟಾ ಮಾಡಿದೆ. ಹೊರಡುವ ಮೊದಲೇ ಅಮ್ಮನ ಕೈ ಡ್ಯಾಶ್‌ಬೋರ್ಡ್ ತಟ್ಟುವುದು ಕಾಣಿಸಿತು.

ಜುಲೈ 1, ಬುಧವಾರ

ಅಡ್ಮಿಟ್ ಮಾಡಿದೆವು. ಎರಡು ದಿನ ಏನು ಮಾತಾಡಿದರೋ ಗೊತ್ತಿಲ್ಲ, ಅಮ್ಮ ಮಾತ್ರ ಪರೀಕ್ಷೆ ಮುಗಿಸಿ ಬಂದ ಹುಡುಗಿಯ ಹಾಗೆ ಹಗುರಾಗಿದ್ದಾಳೆ. ವಾರ್ಡಿನ ನರ್ಸು, "ನೀವು ಬಸ್ ಸ್ಟ್ಯಾಂಡ್ ಅಮ್ಮ ಅಲ್ವಾ?" ಅಂತ ಕೇಳಿದರು. ಧ್ವನಿಯಿಲ್ಲದೆ ಹೇಗೆ ಗೊತ್ತಾಯಿತೋ. ಹಾಸಿಗೆಯ ಕಂಬಿಗೆ ಟಕ್ ಟಕ್ ಅಂತ ತಟ್ಟಿದ್ದನ್ನು ಕೇಳಿ ಇರಬೇಕು.

ಜುಲೈ 2, ಗುರುವಾರ

ಗಡ್ಡೆ ತೆಗೆದರು. ಅಮ್ಮ ಚೆನ್ನಾಗಿದ್ದಾಳೆ. ಧ್ವನಿಯ ವಿಷಯ ಈಗಲೇ ಹೇಳಲು ಆಗಲ್ಲವಂತೆ.

ಜುಲೈ 8, ಬುಧವಾರ

ಮನೆಗೆ ಕರೆದುಕೊಂಡು ಬಂದೆವು. ಡಾಕ್ಟರ್ ಹೇಳುವವರೆಗೆ ತುಟಿ ಬಿಚ್ಚುವಂತಿಲ್ಲ. ಸಂಜೆಯ ಸುತ್ತು ಮಾತ್ರ ನಿಂತಿಲ್ಲ. ಈಗ ಅಪ್ಪನದ್ದೇ ಮಾತು. ಮನೆಯಲ್ಲಿ ಎಲ್ಲರಿಗೂ ಕೂಗಿ ಹೇಳುವ ಅಪ್ಪ ಕಾರಿನಲ್ಲಿ ಎಷ್ಟು ಮೆತ್ತಗೆ ಮಾತಾಡುತ್ತಾರೆ ಅಂತ ಇವತ್ತು ಹಿಂದೆ ಕೂತಾಗ ಗೊತ್ತಾಯಿತು. ಸೋದರಮಾವನೂ ಬಂದಿದ್ದರು. ಇಳಿಯುವಾಗ ಬಾಗಿಲನ್ನು ಮೆಲ್ಲಗೆ ಹಾಕಿ, "ಟೈರು ಸವೆದ್ರೆ ಹೇಳಿ ಭಾವ, ಒಂದು ನಾನು ಹಾಕಿಸ್ತೀನಿ" ಅಂದರು. ಅಪ್ಪನಿಗೆ ಅದು ಮೊದಲ ಸಲಕ್ಕೇ ಕೇಳಿಸಿತು.

ಜುಲೈ 25, ಶನಿವಾರ

ಇವತ್ತು ಮಾತಾಡಲು ಪ್ರಯತ್ನ ಮಾಡಬಹುದು ಅಂದರು ಡಾಕ್ಟರ್. ಅವರ ಕೋಣೆಯಲ್ಲಿ ಅಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಂದು ಸಲ. ಏನೂ ಇಲ್ಲ. "ಅವಸರ ಬೇಡ, ಮನೇಲಿ ನಿಧಾನಕ್ಕೆ ಮಾಡಿ" ಅಂದ ಡಾಕ್ಟರ್ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

ಅಪ್ಪ ಎಡಗಡೆಯ ಬಾಗಿಲು ತೆಗೆದರು. ನಾನು ಹಿಂದೆ ಕೂತೆ. ಗಾಜು ಏರಿತು. ಆಸ್ಪತ್ರೆಯ ಗೇಟು, ಹಣ್ಣಿನ ಗಾಡಿಗಳು, ಹಾರ್ನು, ಎಲ್ಲ ಹೊರಗೇ ಉಳಿಯಿತು. ನನ್ನ ಫೋನು ಜೇಬಿನಲ್ಲಿ ಗುರ್ ಅಂದಿತು. ಆಫ್ ಮಾಡಿದೆ.

ಬಸ್ ನಿಲ್ದಾಣ ದಾಟಿದೆವು. ಒಳಗೆ ಬೇರೆ ಯಾರೋ ಬಸ್ಸು ಕೂಗುತ್ತಿದ್ದಿರಬೇಕು, ನಮಗೆ ಕೇಳಿಸಲಿಲ್ಲ. ಅಮ್ಮ ಆ ಕಡೆಯೇ ನೋಡುತ್ತಿದ್ದಳು. ಆಮೇಲೆ ಮುಂದಕ್ಕೆ ತಿರುಗಿ, ಕೈ ಚಾಚಿ, ಡ್ಯಾಶ್‌ಬೋರ್ಡಿನ ಮೇಲೆ ತಟ್ಟಿದಳು.

ಟಕ್ ಟಕ್.

ಅಪ್ಪ ಗಾಡಿಯನ್ನು ಮರದ ಕೆಳಗೆ ಒತ್ತರಿಸಿ ನಿಲ್ಲಿಸಿದರು. ಎಂಜಿನ್ ಆರಿಸಿದರು. ಎಡಗಡೆಗೆ ವಾಲಿದರು, ಅವರ ಕಿವಿ ಅವಳ ಬಾಯಿಗೆ ತಾಗುವಷ್ಟು.

ಅಮ್ಮನ ತುಟಿ ಅಲ್ಲಾಡಿತು. ಅಪ್ಪ ಹಾಗೇ ಇದ್ದರು. ಇನ್ನೊಂದು ಸಲ ಅಲ್ಲಾಡಿತು. ಆಮೇಲೆ ಅಪ್ಪನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡು ಕನ್ನಡಿಯಲ್ಲಿ ನೋಡಿದೆ. ನಗುತ್ತಿದ್ದರು. ಕಣ್ಣು ಒರೆಸಿಕೊಂಡು, "ಆಯ್ತು ಮಾರಾಯ್ತಿ, ಇವತ್ತು ಪಾತ್ರೆ ನಾನೇ ತೊಳೀತೀನಿ" ಅಂದರು.

ಅಮ್ಮ ಏನಂದಳು ಅಂತ ಹಿಂದಿನ ಸೀಟಿಗೆ ಕೇಳಿಸಲಿಲ್ಲ. ಅಪ್ಪನಿಗೆ ಕೇಳಿಸಿತು.